ಶಿರೂರು ಮಠದಿಂದ ಕಿಡಂಗೂರಿನ ಶಾಲೆಗೆ

(ಕಾಲೇಜೊಂದರ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆದವರು ಕೊಟ್ಟ ವಿಷಯ ‘ಪ್ರಜಾಪ್ರಭುತ್ವದಲ್ಲಿ ಪ್ರಜೆಯ ಹಕ್ಕು ಮತ್ತು ಧಾರ್ಮಿಕ ಸ್ವಾತಂತ್ರ್ಯ’. ವಿಷಯ ದೊಡ್ಡದು, ನಾನು ಚಿಕ್ಕವನು. ವಕೀಲನಂತೂ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ಪತ್ರಿಕೆ ಸೇರಿದವನು; ಕೋರ್ಟು ಸುದ್ದಿ ಬರೆಯಲು ಕಳುಹಿಸಿದ್ದರಿಂದ ಹಳೆಯ ತೀರ್ಪುಗಳನ್ನು ಓದುವ ಚಟ ಅಂಟಿಕೊಂಡಿತು. ಹಾಗಾಗಿ ಇವತ್ತು ಉಪದೇಶ ಮಾಡುವುದಿಲ್ಲ, ವರದಿ ಒಪ್ಪಿಸುತ್ತೇನೆ. ವರದಿ ಶುರುವಾಗುವುದು ಉಡುಪಿಯ ರಥಬೀದಿಯಲ್ಲಿ.

ಅಷ್ಟಮಠಗಳಲ್ಲಿ ಶಿರೂರು ಮಠವೂ ಒಂದು ಎಂಬುದು ನಿಮಗೆಲ್ಲ ಗೊತ್ತು. ಎರಡೆರಡು ವರ್ಷಕ್ಕೊಮ್ಮೆ ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ; ಅದೇ ಪರ್ಯಾಯ. ಪರ್ಯಾಯ ಎಂದರೆ ಪೂಜೆಯಷ್ಟೇ ಅಲ್ಲ, ಅನ್ನಸಂತರ್ಪಣೆಯೂ ಹೌದು. ಅಂದಮೇಲೆ ಖರ್ಚು ಹೇಳತೀರದು. ಶಿರೂರಿನ ಲಕ್ಷ್ಮೀಂದ್ರತೀರ್ಥರು 1919ರಲ್ಲಿ ಪೀಠ ಏರಿದಾಗ ಇನ್ನೂ ಬಾಲಕರು. ಪ್ರಾಯಕ್ಕೆ ಬಂದು 1926ರಲ್ಲಿ ಆಡಳಿತ ಕೈಗೆತ್ತಿಕೊಂಡಾಗ ಮಠದ ಮೇಲೆ ಸಾಲದ ಹೊರೆಯಿತ್ತು. ಸಾಕಷ್ಟು ತೀರಿಸಿದರು. ಮೊದಲ ಪರ್ಯಾಯ ಬಂತು, ಮತ್ತೆ ಸಾಲ. ಎರಡನೆಯ ಪರ್ಯಾಯ ಬಂದದ್ದು 1946ರಲ್ಲಿ, ಮಹಾಯುದ್ಧ ಮುಗಿದು ಅಕ್ಕಿಬೇಳೆಗೆ ಬೆಂಕಿಬೆಲೆ ಇದ್ದ ಕಾಲದಲ್ಲಿ. ಸಾಲ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ ಮುಟ್ಟಿತು. ಆ ಕಾಲದ ಒಂದು ಲಕ್ಷ!

ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿನ ಧಾರ್ಮಿಕ ದತ್ತಿ ಮಂಡಳಿ ಮಧ್ಯೆ ಬಂತು. ಲೆಕ್ಕಪತ್ರ ನೋಡಿಕೊಳ್ಳಲು ಏಜೆಂಟರೊಬ್ಬರನ್ನು ನೇಮಿಸಬೇಕೆಂದು ಒತ್ತಾಯಿಸಿತು. ನೇಮಕವಾಯಿತು. ಆ ಏಜೆಂಟರು ತಮ್ಮ ಇಷ್ಟದಂತೆಯೇ ನಡೆಸುತ್ತಿದ್ದಾರೆಂದು ಸ್ವಾಮಿಗಳು ಅವರಿಗೆ ಕೊಟ್ಟಿದ್ದ ಅಧಿಕಾರವನ್ನು ಹಿಂದಕ್ಕೆ ಪಡೆದರು. ಮಂಡಳಿ ಸುಮ್ಮನಿರಲಿಲ್ಲ, ಮಠದ ಆಡಳಿತಕ್ಕೇ ಒಂದು ಯೋಜನೆ ರೂಪಿಸಲು ಹೊರಟಿತು. ಜಗಳ ಮದ್ರಾಸಿನ ಹೈಕೋರ್ಟಿಗೆ ಹೋಗಿ, ಅಲ್ಲಿಂದ ದೆಹಲಿ ತಲುಪುವಷ್ಟರಲ್ಲಿ ದೇಶಕ್ಕೆ ಹೊಸ ಸಂವಿಧಾನ ಬಂದಿತ್ತು. ಮದ್ರಾಸ್ ಸರ್ಕಾರ 1951ರಲ್ಲಿ ಹೊಸ ದತ್ತಿ ಕಾಯಿದೆಯನ್ನೂ ತಂದಿತ್ತು. ಅಡುಗೆಮನೆಯ ಸಾಲದ ತಕರಾರು ಹೀಗೆ ಸಂವಿಧಾನದ ಪ್ರಶ್ನೆಯಾಗಿ ಬೆಳೆಯಿತು.

ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1954ರ ಮಾರ್ಚ್ 16ರಂದು ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ. ಸರ್ಕಾರದ ಕಡೆಯ ವಾದ ಹೀಗಿತ್ತು: ಧರ್ಮ ಎಂದರೆ ನಂಬಿಕೆ, ಹಣ ಖರ್ಚಾಗುವ, ಆಳು ದುಡಿಯುವ, ಸಾಮಾನು ಬೇಕಾಗುವ ಕೆಲಸಗಳೆಲ್ಲ ಲೌಕಿಕ, ಅವುಗಳ ಮೇಲೆ ಸರ್ಕಾರದ ಕೈ ಇರಬಹುದು. ಕೋರ್ಟು ಇದನ್ನು ಒಪ್ಪಲಿಲ್ಲ. ದೇವರಿಗೆ ಇಂಥ ಹೊತ್ತಿಗೆ ಇಂಥ ನೈವೇದ್ಯ ಆಗಬೇಕೆಂದು ಒಂದು ಧರ್ಮ ಹೇಳಿದರೆ, ಅದಕ್ಕೆ ಅಕ್ಕಿ ಬೇಕು, ದುಡ್ಡು ಬೇಕು ಎಂಬ ಕಾರಣಕ್ಕೆ ಅದು ವ್ಯಾಪಾರವಾಗುವುದಿಲ್ಲ. ಯಾವುದು ಒಂದು ಧರ್ಮದ ಅತ್ಯಗತ್ಯ ಭಾಗ ಎಂಬುದನ್ನು ಮೊದಲು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತು. ಅಧಿಕಾರಿಗಳು ಹೇಳದೆ ಕೇಳದೆ ಯಾವ ಹೊತ್ತಿಗಾದರೂ ಮಠದೊಳಗೆ ಕಾಲಿಡಬಹುದೆಂಬ ಕಲಮು ಬಿದ್ದುಹೋಯಿತು. ಆದಾಯದ ಶೇಕಡಾ 5ರವರೆಗೆ ವಂತಿಗೆ ಕೇಳುವ ಕಲಮೂ ಬಿತ್ತು. ಹಾಗೆಂದು ಕಾಯಿದೆ ಪೂರ್ತಿ ರದ್ದಾಗಲಿಲ್ಲ. ಲೆಕ್ಕ ಇಡಬೇಕು, ಆಸ್ತಿ ಪೋಲಾಗಬಾರದು ಎನ್ನುವ ಭಾಗಗಳು ಉಳಿದವು.

ಇಲ್ಲಿಯವರೆಗಿನದು ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಕಥೆ. ತೀರ್ಪನ್ನು ಪೂರ್ತಿ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಭಾಗ. ಮಠ, ಪರ್ಯಾಯ, ನೈವೇದ್ಯ ಎಂದೆಲ್ಲ ಬರುವ ಆ ತೀರ್ಪಿನ ನಡುವೆ ಇದ್ದಕ್ಕಿದ್ದಂತೆ ಅಮೆರಿಕದ ಇಬ್ಬರು ಶಾಲಾ ಮಕ್ಕಳು ಬರುತ್ತಾರೆ. ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಊರಿನ ಅಕ್ಕ ಮತ್ತು ತಮ್ಮ. ಅವರ ಮನೆಯವರು ‘ಯೆಹೋವನ ಸಾಕ್ಷಿಗಳು’ ಎಂಬ ಸಣ್ಣ ಕ್ರೈಸ್ತ ಪಂಥಕ್ಕೆ ಸೇರಿದವರು. ದೇವರೊಬ್ಬನಿಗಲ್ಲದೆ ಬೇರೆ ಯಾವುದಕ್ಕೂ ವಂದನೆ ಸಲ್ಲದು ಎಂಬುದು ಅವರ ನಂಬಿಕೆ. ಆದ್ದರಿಂದ ಶಾಲೆಯಲ್ಲಿ ಧ್ವಜಕ್ಕೆ ಕೈಯೆತ್ತಿ ವಂದಿಸಲಿಲ್ಲ. ಶಾಲೆ ಹೊರಗೆ ಹಾಕಿತು. ಅಲ್ಲಿನ ಸುಪ್ರೀಂ ಕೋರ್ಟು 1940ರಲ್ಲಿ ಶಾಲೆ ಮಾಡಿದ್ದೇ ಸರಿ ಎಂದಿತು. ಒಬ್ಬರೇ ಒಬ್ಬರು ನ್ಯಾಯಮೂರ್ತಿ, ಸ್ಟೋನ್ ಎಂಬುವರು, ಒಪ್ಪಲಿಲ್ಲ. ತೀರ್ಪು ಬಂದದ್ದೇ ತಡ, ಆ ಪಂಥದವರ ಮೇಲೆ ಹಲವು ಊರುಗಳಲ್ಲಿ ಗುಂಪುದಾಳಿಗಳಾದವು. ಮೂರೇ ವರ್ಷದಲ್ಲಿ, ಯುದ್ಧ ಕಾವೇರಿದ್ದ 1943ರಲ್ಲಿ, ಅದೇ ಕೋರ್ಟು ವೆಸ್ಟ್ ವರ್ಜೀನಿಯಾದ ಇನ್ನೊಂದು ಪ್ರಕರಣದಲ್ಲಿ ತನ್ನ ತೀರ್ಪನ್ನು ತಾನೇ ಅಳಿಸಿಹಾಕಿತು. ದೇಶಭಕ್ತಿ ಅತಿ ದುಬಾರಿಯಾಗಿದ್ದ ಕಾಲದಲ್ಲೇ ಕೋರ್ಟಿಗೆ ಹೀಗೆ ಹೇಳುವ ಧೈರ್ಯ ಬಂದದ್ದು ನನಗೆ ಈಗಲೂ ಸೋಜಿಗ.

ಶಿರೂರು ಮಠದ ತೀರ್ಪಿನಲ್ಲಿ ಈ ಮಕ್ಕಳಿಗೇನು ಕೆಲಸ? ನ್ಯಾಯಮೂರ್ತಿ ಮುಖರ್ಜಿ ಅವರು ಧರ್ಮ ಎಂದರೇನು, ಅದರ ಗಡಿ ಎಲ್ಲಿ ಎಂದು ಬೇರೆ ದೇಶಗಳ ಕೋರ್ಟುಗಳು ಹೇಗೆ ಯೋಚಿಸಿವೆ ಎಂಬುದನ್ನು ನೋಡುತ್ತಿದ್ದರು. ಆಸ್ಟ್ರೇಲಿಯದಿಂದ ತೆಗೆದುಕೊಂಡ ನಿದರ್ಶನವೂ ಇದೇ ಪಂಥದ್ದು. ದೊಡ್ಡ ಧರ್ಮಗಳ ತಂಟೆಗೆ ಸರ್ಕಾರಗಳು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಸ್ವಾತಂತ್ರ್ಯದ ಗಡಿ ಎಲ್ಲಿದೆ ಎಂದು ಗೊತ್ತಾಗಬೇಕಾದರೆ ಹೀಗೆ ಬೆರಳೆಣಿಕೆಯ ಜನ, ಬೇರೆಯವರಿಗೆ ವಿಚಿತ್ರವೆನಿಸುವ ನಂಬಿಕೆಯವರು, ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಉಡುಪಿಯ ಸ್ವಾಮಿಗಳ ಹಕ್ಕನ್ನು ಕಾಯಲು ಮೈನರ್ಸ್‌ವಿಲ್‌ನ ಮಕ್ಕಳು ಸಾಕ್ಷಿಗೆ ನಿಂತಂತಾಯಿತು.

ಮೂವತ್ತೆರಡು ವರ್ಷ ಕಳೆದ ಮೇಲೆ ಆ ಋಣ ಸಂದ ರೀತಿಯನ್ನು ಹೇಳುವ ಮೊದಲು ಮೂಲ್ಕಿಗೆ ಒಂದು ಸುತ್ತು ಹೋಗಿಬರೋಣ. ಅದು ಬಿಟ್ಟರೆ ಕಥೆ ಒಮ್ಮುಖವಾಗುತ್ತದೆ.

ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣ ಸಮಾಜದ್ದು. ಮದ್ರಾಸ್ ಪ್ರಾಂತ್ಯ 1947ರಲ್ಲಿ ದೇವಸ್ಥಾನ ಪ್ರವೇಶ ಕಾಯಿದೆ ತಂದು, ದಲಿತರಿಗೆ ಗುಡಿಯ ಬಾಗಿಲು ತೆರೆಯಬೇಕೆಂದಿತು. ಇದು ನಮ್ಮ ಪಂಥದ ಗುಡಿ, ಯಾರು ಒಳಗೆ ಬರಬೇಕೆಂಬುದು ನಮ್ಮ ಧರ್ಮದ ವಿಷಯ ಎಂದು ಧರ್ಮದರ್ಶಿಗಳು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1957ರ ನವೆಂಬರ್ 8ರಂದು. ಅಷ್ಟರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆ ನಮ್ಮ ಕಡೆಗೆ ಬಂದಿತ್ತು. ಹೀಗಾಗಿ ಮದ್ರಾಸಿನ ಕಾಯಿದೆಯ ಮೊಕದ್ದಮೆಗೆ ಮೈಸೂರು ರಾಜ್ಯದ ಹೆಸರು ಬಿತ್ತು. ಇದು ಪಂಥದ ಗುಡಿಯೇ ಹೌದು ಎಂದು ಕೋರ್ಟು ಒಪ್ಪಿತು. ಒಪ್ಪಿಯೂ, ಸಂವಿಧಾನದ 25ನೇ ವಿಧಿಯ ಎರಡನೇ ಭಾಗ ಸಾರ್ವಜನಿಕ ಸ್ವರೂಪದ ಹಿಂದೂ ಸಂಸ್ಥೆಗಳನ್ನು ಎಲ್ಲ ಹಿಂದೂಗಳಿಗೂ ತೆರೆಯಲು ಅವಕಾಶ ಕೊಟ್ಟಿರುವುದರಿಂದ ಬಾಗಿಲು ತೆರೆಯಲೇಬೇಕು ಎಂದಿತು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಸಮಾಜದವರಷ್ಟೇ ಇರಬಹುದು. ಅರ್ಧ ಬಾಗಿಲು ತೆರೆದಂತೆ ಎಂದು ನೀವು ನಗಬಹುದು. ಆ ಅರ್ಧ ಬಾಗಿಲಿಗಾಗಿ ಎಷ್ಟು ತಲೆಮಾರು ಹೊರಗೆ ನಿಂತಿದ್ದವು ಎಂಬುದನ್ನು ನೆನೆದರೆ ನಗು ಬರುವುದಿಲ್ಲ.

ಶಿರೂರು ಮತ್ತು ಮೂಲ್ಕಿ ಒಂದೇ ಜಿಲ್ಲೆಯವಾಗಿದ್ದವು. ಎರಡರಲ್ಲೂ ‘ನಮ್ಮ ಧರ್ಮ ನಮ್ಮದು’ ಎಂಬುದೇ ವಾದ. ಆದರೆ ಒಂದರಲ್ಲಿ ಆ ಮಾತಿನ ಅರ್ಥ ‘ನಮ್ಮನ್ನು ನಮ್ಮ ಪಾಡಿಗೆ ಬಿಡಿ’ ಎಂದು. ಇನ್ನೊಂದರಲ್ಲಿ ‘ಅವರನ್ನು ಹೊರಗೇ ನಿಲ್ಲಿಸಿ’ ಎಂದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ನನಗೆ ಹೊಳೆದದ್ದು ಈ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ.

ಈಗ ಕೇರಳಕ್ಕೆ ಬರೋಣ. ಕೊಟ್ಟಾಯಂ ಜಿಲ್ಲೆಯ ಕಿಡಂಗೂರು. ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಒಬ್ಬ ಹುಡುಗ, ಅವನ ಇಬ್ಬರು ತಂಗಿಯರು ಓದುತ್ತಿದ್ದರು. ಅವರೂ ಯೆಹೋವನ ಸಾಕ್ಷಿಗಳ ಪಂಥದವರೇ. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆ ಶುರುವಾದರೆ ಮೂವರೂ ನೆಟ್ಟಗೆ ಎದ್ದು ನಿಲ್ಲುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಅವರ ಅಕ್ಕಂದಿರು ಓದಿಹೋಗುವಾಗಲೂ ಹಾಗೆಯೇ ಮಾಡಿದ್ದರು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನನ್ನ ಶಾಲೆಯ ಮಾತು ಹೇಳುತ್ತೇನೆ, ನಗಬೇಡಿ. ಏಳನೇ ತರಗತಿಯವರೆಗೂ ರಾಷ್ಟ್ರಗೀತೆಯಲ್ಲಿ ಬರುವ ಪ್ರಾಂತ್ಯಗಳ ಹೆಸರುಗಳನ್ನು ನಾನು ದೇವರ ಹೆಸರುಗಳೆಂದೇ ತಿಳಿದಿದ್ದೆ. ಗಂಟಲು ಹರಿಯುವಂತೆ ಹಾಡುತ್ತಿದ್ದೆ, ಅರ್ಥ ಒಂದಕ್ಷರ ಗೊತ್ತಿರಲಿಲ್ಲ. ಹಿಂದಿನ ಸಾಲಿನವರು ಬಾಯಾಡಿಸುತ್ತಿದ್ದರೇ ಹೊರತು ಹಾಡುತ್ತಿರಲಿಲ್ಲ. ನಮ್ಮಲ್ಲಿ ಯಾರ ದೇಶಭಕ್ತಿಯನ್ನೂ ಯಾರೂ ಅನುಮಾನಿಸಲಿಲ್ಲ. ಕಿಡಂಗೂರಿನ ಮಕ್ಕಳು ಬಾಯಾಡಿಸಿದ್ದರೂ ಸಾಕಾಗುತ್ತಿತ್ತು, ಗಲಾಟೆಯೇ ಇರುತ್ತಿರಲಿಲ್ಲ. ಅವರು ಹಾಗೆ ನಟಿಸಲಿಲ್ಲ. ಅದೇ ಅವರ ತಪ್ಪಾಯಿತು.

ಶಾಸಕರೊಬ್ಬರ ಕಣ್ಣಿಗೆ ಇದು 1985ರ ಜುಲೈನಲ್ಲಿ ಬಿತ್ತು. ವಿಧಾನಸಭೆಯಲ್ಲಿ ಪ್ರಶ್ನೆಯಾಯಿತು. ವಿಚಾರಣೆಗೆ ಆಯೋಗ ಬಂತು. ಮಕ್ಕಳು ಶಿಸ್ತಿನವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದು ಆ ಆಯೋಗವೇ ವರದಿ ಕೊಟ್ಟಿತು. ಆದರೂ ಶಿಕ್ಷಣ ಇಲಾಖೆಯ ಅಧಿಕಾರಿಯ ಸೂಚನೆಯಂತೆ ಜುಲೈ 26ರಂದು ಮುಖ್ಯೋಪಾಧ್ಯಾಯಿನಿ ಮೂವರನ್ನೂ ಹೊರಗೆ ಹಾಕಿದರು. ತಂದೆ ಹೋಗಿ, ಸರ್ಕಾರದ ಆದೇಶ ಬರುವವರೆಗಾದರೂ ಪಾಠಕ್ಕೆ ಕೂರಿಸಿ ಎಂದು ಬೇಡಿದರು. ನಾನು ನಿಸ್ಸಹಾಯಕಿ ಎಂದರು ಆಕೆ. ಸರ್ಕಾರಿ ವ್ಯವಹಾರ ಬಲ್ಲವರಿಗೆ ಈ ಮಾತಿನಲ್ಲಿ ಹೊಸತೇನೂ ಇಲ್ಲ.

ಕೇರಳ ಹೈಕೋರ್ಟಿನಲ್ಲಿ ಮೊದಲು ಏಕಸದಸ್ಯ ಪೀಠ, ಆಮೇಲೆ ವಿಭಾಗೀಯ ಪೀಠ, ಎರಡೂ ಕಡೆ ಸೋತರು. ಅಲ್ಲಿನ ನ್ಯಾಯಮೂರ್ತಿಗಳು ರಾಷ್ಟ್ರಗೀತೆಯನ್ನು ಪದಪದವಾಗಿ ಪರಿಶೀಲಿಸಿ, ಯಾರ ಧರ್ಮಭಾವನೆಗೂ ನೋವಾಗುವಂಥದ್ದು ಅದರಲ್ಲಿ ಏನೂ ಇಲ್ಲ ಎಂದಿದ್ದರು. ಅದು ನಿಜವೇ. ಆದರೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ 1986ರ ಆಗಸ್ಟ್ 11ರಂದು ಹೇಳಿದ್ದು, ಪ್ರಶ್ನೆಯೇ ಅದಲ್ಲ ಎಂದು. ಮಕ್ಕಳ ತಕರಾರು ಗೀತೆಯ ಪದಗಳ ಮೇಲಲ್ಲ, ದೇವರ ಪ್ರಾರ್ಥನೆಯಲ್ಲದ ಯಾವ ವಿಧಿಯಲ್ಲೂ ತಾವು ಸೇರುವಂತಿಲ್ಲ ಎಂಬುದರ ಮೇಲೆ. ಆ ನಂಬಿಕೆ ನ್ಯಾಯಾಧೀಶರಿಗೆ ಸರಿ ಕಾಣುತ್ತದೆಯೋ, ವಿಚಿತ್ರ ಅನ್ನಿಸುತ್ತದೆಯೋ, ಅದರಿಂದ ಏನೂ ಆಗಬೇಕಿಲ್ಲ. ಅದು ಪ್ರಾಮಾಣಿಕವಾಗಿ, ಅಂತಃಸಾಕ್ಷಿಯಿಂದ ನಂಬಿದ್ದೇ ಎಂಬುದಷ್ಟೇ ಮುಖ್ಯ. ಹೌದಾದರೆ 25ನೇ ವಿಧಿಯ ನೆರಳು ಅದರ ಮೇಲಿದೆ.

ಆಮೇಲೆ ಕೋರ್ಟು ಕೇಳಿದ ಪ್ರಶ್ನೆ ಪತ್ರಕರ್ತನಾದ ನನಗೆ ಬಹಳ ಇಷ್ಟ: ಹಾಡಲೇಬೇಕೆಂದು ಹೇಳುವ ಕಾನೂನು ಎಲ್ಲಿದೆ? ಹುಡುಕಿದರು, ಸಿಗಲಿಲ್ಲ. ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯಿದೆ ಇದೆ. ಅದು ಶಿಕ್ಷೆ ಹೇಳುವುದು ಹಾಡುವವರನ್ನು ಬೇಕೆಂದೇ ತಡೆಯುವವರಿಗೆ, ಹಾಡುತ್ತಿರುವ ಸಭೆಗೆ ಭಂಗ ತರುವವರಿಗೆ. ಸುಮ್ಮನೆ ಎದ್ದು ನಿಂತವರಿಗಲ್ಲ. ಉಳಿದದ್ದು ಶಿಕ್ಷಣ ಇಲಾಖೆಯ ಸುತ್ತೋಲೆಗಳು. ಸುತ್ತೋಲೆಯ ಹಿಂದೆ ಶಾಸನದ ಬಲವಿಲ್ಲದಿದ್ದರೆ ಅದು ಮೂಲಭೂತ ಹಕ್ಕನ್ನು ಮೊಟಕು ಮಾಡಲಾರದು. ಮಾತಾಡುವ ಸ್ವಾತಂತ್ರ್ಯದಲ್ಲಿ ಮೌನವಾಗಿರುವ ಸ್ವಾತಂತ್ರ್ಯವೂ ಸೇರಿದೆ. ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಿ, ಓದಿಗೆ ಅಡ್ಡಿ ಮಾಡಬೇಡಿ ಎಂದು ಆದೇಶವಾಯಿತು. ಕಾನೂನು ಪುಸ್ತಕಗಳಲ್ಲಿ ಈ ಮೊಕದ್ದಮೆ ಆ ಹುಡುಗನ ಹೆಸರಿನಲ್ಲಿದೆ.

ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ತಮ್ಮ ತೀರ್ಪಿಗೆ ಆಧಾರವಾಗಿ ಉದಾಹರಿಸಿದ ಹಳೆಯ ಮೊಕದ್ದಮೆಗಳಲ್ಲಿ ಶಿರೂರು ಮಠದ್ದೂ ಒಂದು. ಮೈನರ್ಸ್‌ವಿಲ್‌ನ ಮಕ್ಕಳು ಉಡುಪಿಯ ಸ್ವಾಮಿಗಳಿಗಾಗಿ ಬಂದಿದ್ದರು. ಉಡುಪಿಯ ಸ್ವಾಮಿಗಳು ಕಿಡಂಗೂರಿನ ಮಕ್ಕಳಿಗಾಗಿ ಬಂದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನೋಡಿದ್ದರೆ ಪರಸ್ಪರರ ದೇವರನ್ನು ಒಪ್ಪುತ್ತಿದ್ದರೆಂದೂ ಹೇಳಲಾಗದು. ಆದರೂ ಒಬ್ಬರಿಗೆ ಸಿಕ್ಕ ರಕ್ಷಣೆ ಇನ್ನೊಬ್ಬರಿಗೆ ಚಾವಣಿಯಾಯಿತು.

ಈ 25ನೇ ವಿಧಿಯನ್ನು ಒಮ್ಮೆ ನೀವೇ ತೆರೆದು ಓದಿ, ಕನ್ನಡದಲ್ಲೂ ಸಿಗುತ್ತದೆ. ಮೊದಲು ಬರುವ ಪದ ಮಠ, ಗುಡಿ, ಮಸೀದಿ, ಚರ್ಚು ಯಾವುದೂ ಅಲ್ಲ. ‘ಧರ್ಮ’ ಎಂಬ ಪದಕ್ಕಿಂತ ಮೊದಲು ‘ಅಂತಃಸಾಕ್ಷಿಯ ಸ್ವಾತಂತ್ರ್ಯ’ ಬರುತ್ತದೆ. ಅದೂ ನಾಗರಿಕರಿಗೆ ಮಾತ್ರವಲ್ಲ, ಎಲ್ಲ ವ್ಯಕ್ತಿಗಳಿಗೂ. ವಾಕ್ ಸ್ವಾತಂತ್ರ್ಯದ 19ನೇ ವಿಧಿ ಭಾರತದ ನಾಗರಿಕರಿಗಷ್ಟೇ. ಇದು ನಮ್ಮಲ್ಲಿಗೆ ಬಂದ ಪರದೇಶಿಗೂ ಇದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಬೇಲಿಗಳೂ ಇವೆ, ಅವು ಬೇಕು ಕೂಡ. ನಮ್ಮಲ್ಲಿ ಧರ್ಮದ ಕಲ್ಪನೆ ಹುಟ್ಟಿನಿಂದ ಸಾವಿನವರೆಗೆ ಬದುಕನ್ನೆಲ್ಲ ಆವರಿಸಿದೆ, ಅದನ್ನೆಲ್ಲ ಧರ್ಮವೆಂದು ಬಿಟ್ಟರೆ ಯಾವ ಸುಧಾರಣೆಯೂ ಸಾಧ್ಯವಿಲ್ಲ ಎಂದು ಅಂಬೇಡ್ಕರ್ ಅವರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಮೂಲ್ಕಿಯ ತೀರ್ಪು ಆ ಎಚ್ಚರಿಕೆಯ ದಾರಿಯಲ್ಲೇ ನಡೆದದ್ದು.

ಆದರೆ ಶಿರೂರಿನಲ್ಲಿ ಹುಟ್ಟಿದ ಆ ‘ಅತ್ಯಗತ್ಯ’ ಎಂಬ ಪದಕ್ಕೆ ಮುಂದೆ ಬೇರೆಯೇ ರೆಕ್ಕೆ ಬಂತು. ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದದ್ದು, ಕ್ರಮೇಣ ನ್ಯಾಯಾಧೀಶರೇ ಗ್ರಂಥ ತೆರೆದು ಯಾವುದು ಅತ್ಯಗತ್ಯ, ಯಾವುದು ಅಲ್ಲ ಎಂದು ತೀರ್ಮಾನಿಸುವ ಪದ್ಧತಿಯಾಯಿತು. ಅಜ್ಮೀರ್ ದರ್ಗಾದ ಮೊಕದ್ದಮೆಯಲ್ಲಿ 1961ರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್, ಮೂಢನಂಬಿಕೆಯಿಂದ ಬಂದು ಸೇರಿಕೊಂಡ ಆಚರಣೆಗಳಿಗೆ ರಕ್ಷಣೆಯಿಲ್ಲ ಎಂಬ ಅರ್ಥದ ಮಾತು ಸೇರಿಸಿದರು. ಕೇಳಲು ಚೆನ್ನಾಗಿದೆ. ಆದರೆ ಮೂಢ ಯಾವುದು, ಗಾಢ ಯಾವುದು ಎಂದು ಅಳೆಯುವ ಕೋಲು ಕೋರ್ಟಿನ ಕೈಯಲ್ಲಿದ್ದರೆ, ಕಿಡಂಗೂರಿನ ಮಕ್ಕಳಂಥವರು ಗೆಲ್ಲುವುದು ಕಷ್ಟ.

ಆ ಪದ ಮತ್ತೆ ಉಡುಪಿಗೇ ಬಂತು. ಅಲ್ಲಿನ ಸರ್ಕಾರಿ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯರು ತರಗತಿಯೊಳಗೆ ಹಿಜಾಬ್ ಧರಿಸುವುದಾಗಿ ಹೇಳಿದಾಗ ಶುರುವಾದ ವಿವಾದ ನಿಮಗೆ ನೆನಪಿದೆ. ರಾಜ್ಯ ಸರ್ಕಾರ 2022ರ ಫೆಬ್ರುವರಿ 5ರಂದು ಸಮವಸ್ತ್ರದ ಆದೇಶ ಹೊರಡಿಸಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿಯಮ ಸಮಂಜಸ ನಿರ್ಬಂಧವೇ ಎಂದು ಕರ್ನಾಟಕ ಹೈಕೋರ್ಟಿನ ತ್ರಿಸದಸ್ಯ ಪೀಠ ಮಾರ್ಚ್ 15ರಂದು ತೀರ್ಪಿತ್ತಿತು. ಸುಪ್ರೀಂ ಕೋರ್ಟಿನಲ್ಲಿ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯಾಗಿ ಹೇಳಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ, ಅತ್ಯಗತ್ಯವೋ ಅಲ್ಲವೋ ಎಂಬ ವಿಚಾರಕ್ಕೆ ಹೋಗಬೇಕಾಗಿಯೇ ಇರಲಿಲ್ಲ ಎಂದರು. ಅವರು ಆಧಾರವಾಗಿ ಹಿಡಿದದ್ದು ಕಿಡಂಗೂರಿನ ಮಕ್ಕಳ ತೀರ್ಪನ್ನು. ಭಿನ್ನಾಭಿಪ್ರಾಯ ಬಂದ ಕಾರಣ ವಿಷಯವನ್ನು ಸೂಕ್ತ ಪೀಠ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಡಲು ಹೇಳಲಾಯಿತು.

ಈ ಸಭೆಯಲ್ಲಿ ಆ ವಿಷಯದ ಬಗ್ಗೆ ಎರಡೂ ಕಡೆಯವರು ಇದ್ದೀರಿ ಎಂಬುದು ಮುಖ ನೋಡಿದರೇ ತಿಳಿಯುತ್ತದೆ. ಸಮವಸ್ತ್ರ ಬಡವ ಬಲ್ಲಿದರ ಭೇದ ಅಳಿಸುತ್ತದೆ ಎಂಬ ವಾದ ಹಗುರವಾದದ್ದಲ್ಲ. ನನ್ನ ಮನಸ್ಸು ಮಾತ್ರ ಚಿನ್ನಪ್ಪ ರೆಡ್ಡಿಯವರ ಪ್ರಶ್ನೆಯ ಕಡೆಗೇ ವಾಲುತ್ತದೆ. ಒಬ್ಬಳು ಹುಡುಗಿ ತನ್ನ ತಲೆಯ ಮೇಲೆ ಏನು ಹಾಕಿಕೊಳ್ಳುತ್ತಾಳೆ ಎಂಬುದರಿಂದ ಪಕ್ಕದ ಬೆಂಚಿನವಳಿಗೆ ಬಾಗಿಲು ಮುಚ್ಚುವುದಿಲ್ಲ, ಮೂಲ್ಕಿಯಲ್ಲಿ ಮುಚ್ಚುತ್ತಿತ್ತು. ಹಾಕಿಕೊಳ್ಳಲೇಬೇಕೆಂದು ಮನೆಯವರೋ ಓಣಿಯವರೋ ಅವಳನ್ನು ಒತ್ತಾಯಿಸಿದರೆ ಅಲ್ಲಿಯೂ ಅಂತಃಸಾಕ್ಷಿಯೇ ಪೆಟ್ಟು ತಿನ್ನುವುದು. ಆಗ ಅದೇ 25ನೇ ವಿಧಿ ಅವಳ ಕಡೆಗೆ ನಿಲ್ಲಬೇಕು. ನೀವು ಒಪ್ಪಬೇಕೆಂದೇನಿಲ್ಲ.

ಕೊನೆಗೊಂದು ಚಿಕ್ಕ ಸಂಗತಿ. ಚಿತ್ರಮಂದಿರಗಳಲ್ಲಿ ಸಿನಿಮಾಕ್ಕೆ ಮೊದಲು ರಾಷ್ಟ್ರಗೀತೆ ಹಾಕಲೇಬೇಕೆಂದು ಸುಪ್ರೀಂ ಕೋರ್ಟು 2016ರ ನವೆಂಬರ್ 30ರಂದು ಹೇಳಿತ್ತು. ಎದ್ದು ನಿಲ್ಲದವರೊಡನೆ ಕೆಲವು ಕಡೆ ಕೈ ಮಿಲಾಯಿಸಿದ್ದೂ ಆಯಿತು. ಅದೇ ಕೋರ್ಟು 2018ರ ಜನವರಿ 9ರಂದು ಆ ಕಡ್ಡಾಯವನ್ನು ತೆಗೆದುಹಾಕಿತು. ಈ ಎರಡು ದಿನಾಂಕಗಳ ನಡುವೆ ಮೈಸೂರು ಕಡೆಯ ಚಿತ್ರಮಂದಿರವೊಂದರಲ್ಲಿ ನನ್ನ ಪಕ್ಕ ಒಬ್ಬ ಮುದುಕರು ಕುಳಿತಿದ್ದರು. ಗೀತೆ ಶುರುವಾಗುತ್ತಿದ್ದಂತೆ ಏಳಲು ಹೊರಟರು, ಮಂಡಿ ಸಹಕರಿಸಲಿಲ್ಲ. ಹಿಂದಿನಿಂದ ಒಬ್ಬ ‘ಏಳ್ರೀ’ ಎಂದು ಕೂಗಿದ. ಮುದುಕರು ನನ್ನ ತೋಳು ಹಿಡಿದು ಎದ್ದು ನಿಂತರು. ಕೂಗಿದವನ ಒಂದು ಕೈಯಲ್ಲಿ ಪಾಪ್‌ಕಾರ್ನ್ ಇತ್ತು.

ಇಷ್ಟು ನನ್ನ ವರದಿ. ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಆ ಹಿಂದಿನ ಸಾಲಿನವರೇ ಮೊದಲು ಕೇಳಲಿ, ಆಗಿನಿಂದ ಕೈ ಎತ್ತಿಕೊಂಡೇ ಕೂತಿದ್ದಾರೆ.